ಯಾವ ‘ಇಲ್ಲೆ’ ಅಮ್ಮಾ?

ಕುಮಟೆಯ ಬಸ್ ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ವೀಣಾ ಗೌಡ ಹೆಡ್‌ಫೋನ್ ಏರಿಸಿ ಗಂಜಿ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ.

“ಬಾಡದಿಂದ ಮಾತಾಡುದು. ಅಪ್ಪಂಗೆ ಎದೆನೋವು, ಬೇಗ ಬನ್ನಿ!”

“ಯಾವ ಬಾಡ? ಕುಮಟೆದೋ, ಕಾರವಾರದ್ದೋ?”

“ಊರಿಗೆಲ್ಲ ಗೊತ್ತಿರೂ ಬಾಡ ನಿಮಗೆ ಗೊತ್ತಿಲ್ವಾ?”

“ಗೊತ್ತಿಲ್ಲ. ನೀವೇ ಹೇಳಿ.”

ಆ ಕಡೆಯವನು ಬೈಯುತ್ತಲೇ ಹೇಳುತ್ತಾನೆ. ದೇವಸ್ಥಾನದ ಎಡಕ್ಕೆ ಮನೆಯಂತೆ. ಯಾವ ಕಡೆಯಿಂದ ಬಂದರೆ ಎಡ ಎಂದು ವೀಣಾ ಮತ್ತೆ ಕೇಳುತ್ತಾಳೆ, ಮತ್ತೆ ಬೈಸಿಕೊಳ್ಳುತ್ತಾಳೆ. ಗಾಡಿ ಹೊರಡುತ್ತದೆ. ಗಂಜಿ ಆರಿ ತಣ್ಣಗಾಗುತ್ತದೆ.

ಭಟ್ಕಳ, ಹೊನ್ನಾವರ, ಕುಮಟೆ ಮೂರಕ್ಕೂ ಸೇರಿ ಸ್ಥಳೀಯ ಟ್ರಸ್ಟೊಂದು ನಡೆಸುವ ಆಂಬುಲೆನ್ಸ್ ಸಹಾಯವಾಣಿ ಇದು. ತಾಲೂಕಿಗೊಂದು ಗಾಡಿ. ದಿನಕ್ಕೆ ಮೂವತ್ತು ನಲವತ್ತು ಕರೆ ಬಂದರೆ ಅರ್ಧ ತುರ್ತಿನವೇ ಅಲ್ಲ. ತದಡಿ ಬಸ್ಸು ಹೋಯಿತೇ ಎಂದು ಕೇಳುವವರೂ ಇದ್ದಾರೆ. ಒಬ್ಬರು ಕೊಂಕಣಿ, ಇನ್ನೊಬ್ಬರು ಉರ್ದು, ಭಟ್ಕಳದ ಅಜ್ಜಿಯೊಬ್ಬರದು ನವಾಯತಿ. “ತಲೆ ಗಿರ್ರ್ ಅಂತದೆ ಮಾರಾಯ್ರೆ. ಸಂಜೆ ಮನೆಗೆ ಹೋದ ಮೇಲೆ ಗಂಡ ‘ಊಟಕ್ಕೆ ಬಾ’ ಅಂದ್ರೂ ಎಲ್ಲಿಗೆ ಅಂತ ಕೇಳ್ತೆ” ಎಂದು ವರದಿಗೆ ಬಂದ ನನ್ನೆದುರು ಆಕೆ ನಗುತ್ತಾಳೆ.

ಹಿರೇಗುತ್ತಿಯ ಈ ಹೆಣ್ಣುಮಗಳು ಗದ್ದೆ ಕೆಲಸ, ತರಕಾರಿ ಮಾರಾಟ ಮಾಡಿಕೊಂಡಿದ್ದವಳು. ಈ ಕುರ್ಚಿ ಸಿಕ್ಕಿದ್ದು ಹೇಗೆಂಬುದು ಆಕೆಗೇ ಬಹುಕಾಲ ಗೊತ್ತಾಗಿರಲಿಲ್ಲ. ಸಂದರ್ಶನದ ದಿನ ಟ್ರಸ್ಟಿನ ಕಾರ್ಯದರ್ಶಿ ವಿಘ್ನೇಶ್ವರ ಹೆಗಡೆ ಪಕ್ಕದ ಕೋಣೆಯಿಂದ ಫೋನು ಮಾಡಿ, ಅಪಘಾತ ಕಂಡವನ ಹಾಗೆ ಬಾಯಿಗೆ ಬಂದದ್ದು ಕೂಗಿದರು. ಉಳಿದವರೆಲ್ಲ ‘ಗಾಡಿ ಕಳಿಸಿದೆವು ಸಾರ್’ ಎಂದು ಟಕ್ಕನೆ ಹೇಳಿದರು. ವೀಣಾ ಮಾತ್ರ ತಬ್ಬಿಬ್ಬಾಗಿ “ಎಂತ? ಎಲ್ಲಿ? ಮತ್ತೊಂದ್ಸಲ ಹೇಳಿ” ಎನ್ನುತ್ತಲೇ ಇದ್ದಳು. ಕೆಲಸ ಕೈತಪ್ಪಿತೆಂದು ತಿಳಿದು, ಪರೀಕ್ಷೆ ಮುಗಿಯುವ ಮೊದಲೇ ಚಪ್ಪಲಿ ಮೆಟ್ಟಿದ್ದಳು. ಹೆಗಡೆಯವರು ಬಾಗಿಲವರೆಗೆ ಬಂದು ಕರೆದರು. ಅವರು ಜಾಗದ ಹೆಸರನ್ನೇ ಹೇಳಿರಲಿಲ್ಲ, ಅದನ್ನು ಕೇಳಿದವಳು ತಾನೊಬ್ಬಳೇ ಎಂಬುದು ಬಹುದಿನದ ಮೇಲೆ ತಿಳಿಯಿತಂತೆ.

ಹಾಗೆ, ಅರ್ಥವಾಗದೇ ಸಿಕ್ಕಿದ ಕೆಲಸ. ಅರ್ಥವಾಯಿತು ಅಂದುಕೊಂಡ ದಿನ ಹೋಗುವುದರಲ್ಲಿತ್ತು.

ಅದು ಹೊನ್ನಾವರ ಕಡೆಯ ಕರೆ. ಪರದೆಯ ಮೇಲೆ ಬಂದ ಹೆಸರು ಶ್ರೀರಾಮ ಭಟ್ಟ. ಅವರ ಹೆಂಡತಿ ನರ್ಮದಾ ಕುಸಿದು ಬಿದ್ದಿದ್ದಾರೆ ಎಂಬುದಷ್ಟು ತಿಳಿಯಿತು. “ಅವರು ಮನೇಲಿ ಇದ್ದಾರಾ?” ಎಂದಳು ವೀಣಾ. “ಇಲ್ಲೆ, ಇಲ್ಲೆ!” ಎಂದಿತು ಗಂಡುದನಿ. ಭಟ್ಟರ ಮನೆಮಾತಿನಲ್ಲಿ ಇಲ್ಲೆ ಎಂದರೆ ಇಲ್ಲ. ಅದು ವೀಣಾಗೆ ಚೆನ್ನಾಗಿ ಗೊತ್ತು. ಮನೆಯಲ್ಲಿಲ್ಲ ಎಂದಾದರೆ ರಿಕ್ಷಾದಲ್ಲಿ ಹೈವೇ ಕ್ರಾಸಿಗೆ ಹೊರಟಿರಬೇಕು. ಒಳದಾರಿಯ ಮನೆಯವರೆಲ್ಲ ಮಾಡುವುದು ಹಾಗೆಯೇ. “ಆತು” ಎಂದಳು. “ಆತು” ಎಂದ ಅವನೂ. ಚಾಲಕ ಉಮೇಶನಿಗೆ ಕ್ರಾಸಿನಲ್ಲೇ ಕಾಯಲು ಹೇಳಿದಳು.

ಮಾತಾಡಿದ್ದು ಭಟ್ಟರಲ್ಲ, ಅವರ ಮನೆಯ ಆಳು ಕುಪ್ಪ. ಅವನ ಬಾಯಲ್ಲಿ, ವೀಣಾಳ ಬಾಯಲ್ಲಿದ್ದ ಹಾಗೆಯೇ, ಇಲ್ಲೆ ಎಂದರೆ ಇಲ್ಲಿಯೇ! ನರ್ಮದಮ್ಮ ಅವನ ಕಾಲಬುಡದಲ್ಲಿ, ಜಗಲಿಯ ಮೇಲೆ ಬಿದ್ದಿದ್ದರು. ಉಮೇಶ ಕ್ರಾಸಿನಲ್ಲಿ ಬಾರದ ರಿಕ್ಷಾಕ್ಕೆ ಕಾದ. ವೀಣಾ ಮರಳಿ ಫೋನು ಹಚ್ಚಿದರೆ ರೇಂಜು ಸಿಗಲಿಲ್ಲ. ಕೊನೆಗೆ ಕುಪ್ಪನೇ ಏದುಸಿರು ಬಿಡುತ್ತ ಇಳಿದು ಬಂದು, “ಅಮ್ಮ ಅಲ್ಲಿದ್ರೆ ನೀವು ಇಲ್ಲೆಂತ ಮಾಡ್ತ್ರಿ?” ಎಂದು ಕೂಗಿದ.

ಜೀವ ಉಳಿಯಿತು. ಲಕ್ವ ಹೊಡೆದ ಎಡಗೈಗೆ ಮಾತ್ರ ಶಕ್ತಿ ಪೂರ್ತಿ ಮರಳಲಿಲ್ಲ. ತಡವಾದದ್ದರಿಂದ ಹಾಗಾಯಿತೇ ಎಂದು ವೀಣಾ ಡಾಕ್ಟರರನ್ನು ಕೇಳಿದಳು. “ಆಗಿರಬಹುದು, ಆಗದೆಯೂ ಇರಬಹುದು” ಎಂದರವರು. “ನಂದು ತಪ್ಪು ಅಂದಿದ್ರೆ ಅತ್ತು ಸುಮ್ನಾಗ್ತಿದ್ದೆ. ಅಲ್ಲ ಅಂದಿದ್ರೆ ನಿದ್ರೆ ಬರ್ತಿತ್ತು. ಈಗ ಎಂತ ಮಾಡುದು ನಾನು?” ಕೇಳುವಾಗ ಆಕೆಯ ಕಣ್ಣು ತುಂಬಿದೆ.

ವೀಣಾಳನ್ನು ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಟ್ರಸ್ಟಿನವರು ಇಂದು ಬೆಳಿಗ್ಗೆಯೇ ಒಳಕೋಣೆಯಲ್ಲಿ ಸಭೆ ಕೂತಿದ್ದಾರೆ. ಭಟ್ಟರ ಮನೆಯವರು ದೂರನ್ನೂ ಕೊಟ್ಟಿಲ್ಲ, ಪರವಾಗಿಲ್ಲ ಎಂದೂ ಹೇಳಿಲ್ಲ. ಹೆಗಡೆಯವರು ಏನೋ ಕಾಗದ ಒಯ್ಯಲು ಹೊರಗೆ ಬಂದಿದ್ದಾರೆ. ಆಗಲೇ ಫೋನು. ಪರದೆಯ ಮೇಲೆ ಅದೇ ಹೆಸರು: ಶ್ರೀರಾಮ ಭಟ್ಟ. ವೀಣಾಳ ಮುಖ ಬಿಳಿಚಿಕೊಳ್ಳುತ್ತದೆ. ಗುಂಡಿ ಒತ್ತುವ ಗಡಿಬಿಡಿಯಲ್ಲಿ ಸ್ಪೀಕರ್ ಹಚ್ಚಿಬಿಡುತ್ತಾಳೆ.

“ನಾನು, ನರ್ಮದಾ. ಕುಪ್ಪ ಜಾರಿ ಬಿದ್ದ, ಕಾಲು ಮುರದ್ದು ಕಾಣ್ತು.”

“ಕುಪ್ಪಣ್ಣ ಮನೇಲಿ ಇದ್ದಾನಾ?”

“ಇಲ್ಲೆ.”

ವೀಣಾ ಕಣ್ಣು ಮುಚ್ಚಿಕೊಳ್ಳುತ್ತಾಳೆ. “ಯಾವ ಇಲ್ಲೆ ಅಮ್ಮಾ? ನಿಮ್ಮದೋ, ನಮ್ಮದೋ?”

ಆ ಕಡೆಯಿಂದ ನಿಧಾನವಾಗಿ, “ನಮ್ದೇಯ. ಮನೇಲಿಲ್ಲ. ಈಗ ಬಾವಿಕಟ್ಟೆ ಹತ್ರ ಇದ್ದ.” ಉಮೇಶನಿಗೆ ಬಾವಿಯ ದಾರಿ ಹೇಳಿ ಕಳಿಸುವತನಕ ನರ್ಮದಮ್ಮ ಫೋನು ಇಡುವುದಿಲ್ಲ.

“ಆವತ್ತೂ ಹೀಂಗೇ ಕೇಳಕಾಗಿತ್ತು ತಂಗಿ.”

“ಹೌದಮ್ಮ. ಕೇಳ್ಬೇಕಾಗಿತ್ತು.”

“ಇವತ್ತು ಕೇಳಿದ್ಯಲೆ. ಆತು.” ಫೋನು ಕಟ್ಟಾಗುತ್ತದೆ.

ಹೆಗಡೆಯವರು ಒಳಗೆ ಹೋಗುತ್ತಾರೆ. ಉಮೇಶ ಕುಪ್ಪನನ್ನು ಗಾಡಿಗೆ ಹತ್ತಿಸಿದ ಸುದ್ದಿ ಬರುವ ಹೊತ್ತಿಗೆ ಬಾಗಿಲು ತೆರೆದು, “ನೀನು ಇರು ವೀಣಾ. ಕಾಯಂ” ಎನ್ನುತ್ತಾರೆ.

“ಎಂತ? ಮತ್ತೊಂದ್ಸಲ ಹೇಳಿ.”

ಅವರು ಮತ್ತೊಂದು ಸಲ ಹೇಳುತ್ತಾರೆ. ವೀಣಾ ಸೆರಗಿನಲ್ಲಿ ಮುಖ ಒರೆಸಿಕೊಂಡು ಆರಿದ ಗಂಜಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ. ಇನ್ನೇನು ಆಸೆ ಎಂದು ನಾನು ಕೇಳಿದರೆ ಬಾಯಿಗೆ ಒಯ್ದ ಡಬ್ಬಿಯನ್ನು ಕೆಳಗಿಡುತ್ತಾಳೆ.

“ರಜೆ ದಿನ ನರ್ಮದಮ್ಮನ ಮನೆಗೆ ಹೋಗ್ಬೇಕು. ‘ಆತು’ ಅಂದ್ರಲ್ಲ, ಎಂತ ಆತು ಅಂತ ಕೇಳ್ಬೇಕು. ನನ್ನ ಕ್ಷಮಿಸಿದ್ದೋ, ಬರೀ ಮಾತು ಮುಗಿಸಿದ್ದೋ. ಈ ಸಲ ನಾನೇ ಅರ್ಥ ಮಾಡ್ಕಂಡು ಕೂತ್ಕಳುದಿಲ್ಲ.”