ಜೀಪಿನ ಹಿಂದೆ ಓಡಿದ ಹುಸೇನಪ್ಪ

ಎಣ್ಣೆಯಿಂದ ಉಕ್ಕಿನ ಹಲ್ಲು ಮುರಿಯುವುದಿಲ್ಲ. ಗಾಣದವನಿಗೆ ಇದು ಗೊತ್ತು, ಬಂಡಿ ಹೊಡೆಯುವವನಿಗೆ ಗೊತ್ತು, ನಿಮಗೂ ಗೊತ್ತಿರಬೇಕು. ಆದರೂ ಎರಡು ವರ್ಷದಿಂದ ಪಾಮನಕಲ್ಲೂರಿನಿಂದ ಸಿಂಧನೂರಿನ ತನಕ ಒಂದೇ ಮಾತು ಓಡಾಡುತ್ತಿದೆ: ಹುಸೇನಪ್ಪ ತಪ್ಪು ಎಣ್ಣೆ ಹಾಕಿದ, ಜೀಪು ನಡುದಾರಿಯಲ್ಲಿ ಮುರಿಯಿತು, ತುಂಬು ಬಸುರಿ ಶೇಖರಮ್ಮ ಸತ್ತಳು. ಇದರಲ್ಲಿ ಜೀಪು ಮುರಿದದ್ದು ನಿಜ, ಶೇಖರಮ್ಮ ಸತ್ತದ್ದೂ ನಿಜ. ಮೊದಲನೆಯದು ಸುಳ್ಳು. ಸುಳ್ಳೆಂದು ಬಲ್ಲ ಏಳೆಂಟು ಮಂದಿ ಹೊತ್ತುಹೊತ್ತಿಗೆ ಉಂಡು ಆರಾಮಾಗಿದ್ದಾರೆ.

ಹುಸೇನಪ್ಪ ಪಾಮನಕಲ್ಲೂರಿನ ಕೆಳಗೇರಿಯವ. ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಹುಟ್ಟಿದನೆಂದು ಆ ಹೆಸರು. ಅಪ್ಪನ ಕಸುಬು ತೊಗಲಿನದು. ಬಾವಿಯ ನೀರೆತ್ತುವ ಬಾನಿ, ಎತ್ತಿನ ಮಿಣಿ, ಚಪ್ಪಲಿ. ದೊಡ್ಡ ಯುದ್ಧದ ಕಾಲಕ್ಕೆ ಸಿಕಂದರಾಬಾದಿನ ಮಿಲಿಟರಿ ಮೋಟಾರು ಕಾರಖಾನೆಗೆ ತೊಗಲು ಕೊಯ್ಯುವವರು ಬೇಕಾದರು. ಗಾಡಿಗಳ ಎಣ್ಣೆ ಸೋರದಂತೆ ತಡೆಯುವುದು ತೊಗಲಿನ ಬಳೆ; ಅದನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇಲ್ಲದೆ ಕೊಯ್ಯಬೇಕು. ಹುಸೇನಪ್ಪ ಹೋದ. ಬಳೆ ಕೊಯ್ಯುತ್ತ ಅದು ಕೂರುವ ಜಾಗ ನೋಡಿದ, ಜಾಗ ನೋಡುತ್ತ ಒಳಗಿನ ಹಲ್ಲುಗಾಲಿಗಳ ಸಂಗತಿ ಕಲಿತ. ಮೂರು ವರ್ಷದ ಮೇಲೆ ಊರಿಗೆ ಬಂದು ಮತ್ತೆ ಬಾನಿ ಹೊಲಿಯಲು ಕೂತ. ಆಗಿನ್ನೂ ಊರಲ್ಲಿ ಮೋಟಾರು ಎಲ್ಲಿತ್ತು?

ನಿಜಾಮನ ಆಳ್ವಿಕೆ ಮುಗಿದು ಎರಡು ವರ್ಷಕ್ಕೆ ಊರಿನ ಸಾಹುಕಾರ ಶಿವಶರಣಪ್ಪ ಮಿಲಿಟರಿಯವರು ಬಿಟ್ಟುಹೋದ ಹಳೆಯ ಜೀಪೊಂದನ್ನು ತಂದ. ಸಿಂಧನೂರಿನ ಕಡೆ ಕಾಲುವೆ ಅಗೆಯುತ್ತಿದ್ದರು, ಆ ಕೆಲಸಕ್ಕೆ ಕಲ್ಲು ಒದಗಿಸುವ ಗುತ್ತಿಗೆ ಅವನದು. ಮಳೆ ಬಿದ್ದರೆ ನಮ್ಮ ಎರಿ ಹೊಲದ ಕಪ್ಪು ಮಣ್ಣಿನ ದಾರಿಯಲ್ಲಿ ಜೀಪು ಬಿಟ್ಟು ಬೇರೆ ಯಾವ ಮೋಟಾರೂ ಮಿಸುಕುವುದಿಲ್ಲ. ಆ ಜೀಪಿನ ಹಿಂದಿನ ಎರಡು ಗಾಲಿಗಳ ನಡುವೆ ಒಂದು ಕಬ್ಬಿಣದ ಗುಂಡು ಇದೆ. ಇಂಜಿನ್ನಿನ ಬಲವನ್ನು ಎರಡೂ ಗಾಲಿಗೆ ಹಂಚುವ ಹಲ್ಲುಗಾಲಿಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಹುಸೇನಪ್ಪ ಅದನ್ನು ಗಡಗಿ ಎನ್ನುತ್ತಿದ್ದ. ಹಳ್ಳ ದಾಟಿ ದಾಟಿ ಗಡಗಿಗೆ ನೀರು ಹೊಕ್ಕರೆ ಎಣ್ಣೆ ಮಜ್ಜಿಗೆಯಂತಾಗುತ್ತದೆ, ಬದಲಿಸಬೇಕು. ರಾಯಚೂರಿಗೆ ಒಯ್ದರೆ ಎರಡು ದಿನ ಹಾಳು. ಹಾಗಾಗಿ ಸಾಹುಕಾರನಿಗೆ ಕೆಳಗೇರಿ ನೆನಪಾಯಿತು.

ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಸಾಹುಕಾರನ ಅಂಗಳದಲ್ಲಿ ಈ ಕೆಲಸ. ಡ್ರೈವರ್ ಜಂಗ್ಲಿಸಾಬ್ ಮೊದಲು ಜೀಪನ್ನು ಊರಬಾಗಿಲಿನ ಅಗಸಿಯ ತನಕ ಓಡಿಸಿ ತರಬೇಕು, ಎಣ್ಣೆ ಬೆಚ್ಚಗಾದರೆ ಕೊಳೆಯೆಲ್ಲ ಅದರ ಜೊತೆ ಇಳಿಯುತ್ತದೆ. ಹುಸೇನಪ್ಪ ಅಂಗಾತ ಮಲಗಿ ಅಡಿಗೆ ಸರಿಯುತ್ತಿದ್ದ. ಮೊದಲು ಸಡಿಲಿಸುವುದು ಗಡಗಿಯ ಮೇಲಿನ ಬಿರಡೆ. "ಕೆಳಗಿಂದು ಬಿಚ್ಚಿ ಎಲ್ಲಾ ಸುರುವಿದ ಮ್ಯಾಲ ಮ್ಯಾಲಿಂದು ಬರಲಿಲ್ಲಂದ್ರ ಎಣ್ಣಿ ಎಲ್ಲಿಂದ ಹಾಕ್ತಿ? ನನ್ನ ತಲಿ ಮ್ಯಾಲ?" ಎಂದು ಜಂಗ್ಲಿಸಾಬನಿಗೆ ಹೇಳುತ್ತಿದ್ದ. ಆಮೇಲೆ ಕೆಳಗಿನದು. ಹಳೆಯ ಎಣ್ಣೆ ತಗಡಿನ ಬುಟ್ಟಿಗೆ ಇಳಿದ ಮೇಲೆ ಹಿಂದಿನ ಮುಚ್ಚಳ ಬಿಚ್ಚಿ, ಒರೆಸಿ, ತಾನೇ ಕೊಯ್ದ ತೊಗಲ ಬಳೆ ಕೂರಿಸಿ, ಹೊಸ ಎಣ್ಣೆ ಹಾಕುತ್ತಿದ್ದ. ಮೇಲಿನ ತೂತಿಗೆ ಕಿರುಬೆರಳು ಇಟ್ಟು ನೋಡುತ್ತಿದ್ದ. ಬೆರಳ ತುದಿಗೆ ಎಣ್ಣೆ ತಾಕಿದರೆ ಸಾಕು.

ಕೆಲಸ ಸರಿಯಾಯಿತೋ ಇಲ್ಲವೋ ತಿಳಿಯಲು ಗಾಡಿಯಲ್ಲಿ ಕೂತು ಸದ್ದು ಕೇಳಬೇಕು. ಹುಸೇನಪ್ಪನಿಗೆ ಕೂರಲು ಬಿಡುತ್ತಿರಲಿಲ್ಲ. ಅಡಿಯಲ್ಲಿ ಮಲಗಬಹುದು, ಒಳಗಿನ ಕರುಳು ಮುಟ್ಟಬಹುದು, ಸೀಟು ಮುಟ್ಟುವ ಹಾಗಿಲ್ಲ. ಅದಕ್ಕೆ ಅವನು ಜೀಪಿನ ಹಿಂದೆ ಓಡುತ್ತಿದ್ದ. ಜಂಗ್ಲಿಸಾಬ್ ಮೆಲ್ಲಗೆ ಬಿಟ್ಟರೆ ನಲವತ್ತು ದಾಟಿದ ಆ ಮನುಷ್ಯ ಬಗ್ಗಿ, ಕಿವಿ ಗಡಗಿಯ ಕಡೆ ಕೊಟ್ಟು, ಧೂಳು ನುಂಗುತ್ತ ಅಗಸಿಯ ತನಕ ಓಡುವುದು. ಕಟ್ಟೆಯ ಮೇಲೆ ಕೂತವರಿಗೆ ಅದು ನಗೆಯ ಆಟ. ಕಟ್ಟೆಯವರೇ, ನಾಲ್ಕು ವರ್ಷ ನಕ್ಕಿರಿ. ಒಬ್ಬನಾದರೂ "ಹತ್ತಿಸ್ಕೋರಿ ಅವನ್ನ" ಅಂದಿರಾ?

ಐವತ್ನಾಲ್ಕರ ಮುಂಗಾರಿಗೆ ಮೊದಲು ಎಣ್ಣೆ ಬದಲಿಸಿದ ದಿನ ಕಟ್ಟೆಯ ಮೇಲೆ ಸಾಹುಕಾರ, ಅವನ ಸೋದರಮಾವ ಕರಿಬಸಪ್ಪ, ಮತ್ತೆ ನಾಲ್ಕು ಮಂದಿ ಇದ್ದರು. ತಲಬಾಗಿಲಲ್ಲಿ ಸಾಹುಕಾರನ ತಾಯಿ ಕಲ್ಯಾಣಮ್ಮ. ಅವಳ ಪಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದ ಸಾಹುಕಾರನ ಮಗಳು ಶೇಖರಮ್ಮ, ಒಂಬತ್ತು ತುಂಬುತ್ತಿತ್ತು. ಹೊಸ ಎಣ್ಣೆ ರಾಯಚೂರಿನಿಂದ ಬಂದದ್ದು, ಮೊಹರು ಒಡೆಯದ ಡಬ್ಬಿ. ಒಡೆದವ ಸಾಹುಕಾರನೇ.

ಹಳೆಯ ಎಣ್ಣೆ ಬುಟ್ಟಿಗೆ ಇಳಿಯಿತು. ಬಿಸಿಲು ಬಿದ್ದದ್ದೇ ಅದು ಮಿಂಚಿತು. ಒಳಗಿನ ಹಿತ್ತಾಳೆಯ ಬಿಲ್ಲೆಗಳು ತೇದು ಹಳದಿ ಪುಡಿ ಎಣ್ಣೆಯ ತುಂಬ ತೇಲುತ್ತಿತ್ತು.

ಕರಿಬಸಪ್ಪ ಕಟ್ಟೆಯಿಂದಲೇ ಕೂಗಿದ, "ಲೇ ಶಿವಶರಣಾ, ನಿನ್ನ ಜೀಪು ಹಟ್ಟಿ ಗಣಿಯಾಗ ಮೇದು ಬಂದೈತೇನಲೇ? ಬಂಗಾರ ಹೇತೈತಿ!"

ಅಂಗಳವೆಲ್ಲ ನಕ್ಕಿತು. ಬಂಗಾರದ ಗಣಿ ಪಕ್ಕದಲ್ಲೇ ಇರುವ ನಮಗೆ ಹಳದಿಯಾಗಿ ಮಿಂಚಿದ್ದೆಲ್ಲ ಬಂಗಾರ. ಕಲ್ಯಾಣಮ್ಮ ನಗಲಿಲ್ಲ, ಕೈ ಮುಗಿದಳು. "ಲಕ್ಷ್ಮಿ ಮುಖಾ ತೋರ್ಸ್ಯಾಳಪ್ಪಾ. ಮನ್ಯಾಗ ಬಸುರಿ ಅದಾಳ, ಚಲೋ ಸಕುನ" ಎಂದು ಒಳಗೆ ಹೋಗಿ ಕುಂಕುಮ ತಂದಳು.

ಹುಸೇನಪ್ಪ ಬುಟ್ಟಿಯ ತಳಕ್ಕೆ ಕೈ ಹಾಕಿದ. ಮೇಲೆತ್ತಿದ ಅಂಗೈಯಲ್ಲಿ ಜೋಳದ ಕಾಳಿನಷ್ಟು ದಪ್ಪದ ಉಕ್ಕಿನ ಚೂರುಗಳು ಎರಡು.

"ಬಂಗಾರಲ್ರೀ ಸಾವ್ಕಾರ್ರ, ಹಲ್ಲು ಇವು. ಎರಡು ಮುರದಾವ, ಉಳಿದಾವೂ ಮುರೀತಾವ. ಹೈದ್ರಾಬಾದಿಂದ ಹೊಸಾವ ತರಸ್ರಿ. ಅಲ್ಲೀತಂಕ ಗಾಡಿ ಹೊರಗ ತಗೀಬ್ಯಾಡ್ರಿ."

"ಅದಕ್ಕ ತಿಂಗಳ ಬೇಕು. ಕಾಲುವಿ ಕಲ್ಲು ನಿಮ್ಮಪ್ಪ ಹೊರತಾನೇನಲೇ? ಹೊಸಾ ಎಣ್ಣಿ ಹಾಕು, ಓಡತೈತಿ."

ಹಾಕಿದ. ಜೀಪು ಹೊರಟಿತು, ಹಿಂದೆ ಓಡಿದ. ಏದುಸಿರು ಬಿಡುತ್ತ ಬಂದು ಅಂದ, "ತಿರುವಿನ್ಯಾಗ ಕಟ್ ಕಟ್ ಅನ್ನಾಕತ್ತೈತ್ರಿ."

"ಕಟ್ ಅನ್ನೂದು ನಿನ್ನ ಮೊಳಕಾಲು!" ಅಂದ ಕರಿಬಸಪ್ಪ. ಮತ್ತೆ ನಗೆ.

ಶೇಖರಮ್ಮ ಮಾತ್ರ ಕೇಳಿದಳು, "ಹುಸೇನಣ್ಣಾ, ಬ್ಯಾನಿ ಬಂದ್ರ ನನ್ನ ಲಿಂಗಸುಗೂರಿಗಿ ಒಯ್ಯೂದು ಇದರಾಗ ಅಲ್ಲೇನು? ಮುಟ್ಟಸ್ತೈತಿಲ್ಲೋ?"

"ಇದನ್ನ ನಂಬಬ್ಯಾಡ ಎವ್ವಾ. ಈಗ ಬಸ್ಸಿನ್ಯಾಗ ಹೋಗಿ ದವಾಖಾನಿ ಹಂತ್ಯಾಕ ಇರು. ನಡುದಾರ್‍ಯಾಗ ಕೈ ಕೊಡತೈತಿ."

ಕಲ್ಯಾಣಮ್ಮ ಕೆರಳಿದಳು. "ಬಸುರಿ ಮುಂದ ಏನ್ ನುಡೀತಿಯೋ ಮೂಳಾ! ತೊಗಲ ಕೊಯ್ಯಾಂವಗ ಬಾಯಿ ಯಾಕ ಬೇಕು? ನಡಿ ಆಚೆ."

ಅವನು ಹಗ್ಗ, ಉಳಿ, ತೊಗಲಿನ ಚೂರು ಎತ್ತಿಕೊಂಡು ಹೋದ. ಜೀಪಿನ ಮೂತಿಗೆ ಕುಂಕುಮ ಬಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಶೇಖರಮ್ಮನಿಗೆ ನೋವು ಕಾಣಿಸಿತು. ಕೂಸು ಅಡ್ಡ ಬಂದಿದೆ, ತನ್ನ ಕೈಲಾಗದು ಎಂದಳು ಸೂಲಗಿತ್ತಿ. ಜೀಪಿನಲ್ಲಿ ಮಲಗಿಸಿದರು. ಮಸ್ಕಿ ದಾಟಿ, ಹಳ್ಳಕ್ಕಿಳಿದು ಏರು ಹತ್ತುವಾಗ ಗಡಗಿಯೊಳಗೆ ಗಡಗಡ ಸದ್ದಾಗಿ ಜೀಪು ನಿಂತಿತು. ಇಂಜಿನ್ನು ಕೂಗುತ್ತಿತ್ತು, ಗಾಲಿ ತಿರುಗಲಿಲ್ಲ. ಜಂಗ್ಲಿಸಾಬ್ ಮಸ್ಕಿಗೆ ಓಡಿ ಬಂಡಿ ತಂದ. ಬಂಡಿ ಲಿಂಗಸುಗೂರು ಮುಟ್ಟುವ ಮೊದಲೇ ತಾಯಿ, ಕೂಸು ಎರಡೂ ಹೋದವು. ಹತ್ತೊಂಬತ್ತು ವರ್ಷದ ಹುಡುಗಿ.

ಮಗಳನ್ನು ಮಣ್ಣು ಮಾಡಿ ಬಂದ ಅಪ್ಪನಿಗೆ ತನ್ನ ತಪ್ಪು ಹೊರುವ ಶಕ್ತಿ ಇರಲಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಬಹುದು. ಆ ಸಂಜೆ ಕಟ್ಟೆಯ ಮೇಲೆ ಕರಿಬಸಪ್ಪ ಬಾಯಿ ಬಿಟ್ಟ, "ಅಂವ ತೊಗಲಿಗಿ ಹಚ್ಚೂ ಹೊಂಗಿ ಎಣ್ಣಿನ ಹಾಕ್ಯಾನ. ಡಬ್ಬಿ ಎಣ್ಣಿ ಮಾರಕೊಂಡಾನ." ಸಾಹುಕಾರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಡಬ್ಬಿ ಒಡೆದ ಕೈ ಅವನದೇ ಆಗಿತ್ತಲ್ಲ, ಅವನು ಅಷ್ಟಾದರೂ ಹೇಳಬಹುದಿತ್ತು. ಉಳಿದ ನಾಲ್ವರು ಹೌದೆಂದು ತಲೆ ಆಡಿಸಿದರು.

ಜಂಗ್ಲಿಸಾಬ್ ಈಗ ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಾನೆ. ನನಗೆ ಇದನ್ನೆಲ್ಲ ಹೇಳಿದವ ಅವನೇ. ಅವತ್ತು ಯಾಕೆ ಬಾಯಿ ಬಿಡಲಿಲ್ಲ ಎಂದರೆ ನೆಲ ನೋಡುತ್ತ, "ನಲವತ್ತೆಂಟರಾಗ ನಿಜಾಮನ ರಾಜ್ಯ ಹೋದ ಮ್ಯಾಲ ನಮ್ಮ ಸಾಬರ ಮಂದಿ ಬಾಯಿಗಿ ಬೀಗ ಬಿದ್ದೈತ್ರೀ. ಆದ್ರೂ ನಂದ ಗುನ್ಹೆನ. ಮಂದಿ ಬೈಯುವಾಗ ಹುಸೇನಪ್ಪ ನನ್ನ ಮುಖ ನೋಡಿದ, ನಾ ಆಚೆ ಹೊಳ್ಳಿದ್ನಿ" ಅಂದ.

ಆಮೇಲೆ ಹುಸೇನಪ್ಪನಿಗೆ ಊರಲ್ಲಿ ಯಾರೂ ಒಂದು ಚಪ್ಪಲಿ ಹೊಲಿಯಲು ಕೊಡಲಿಲ್ಲ. ಹೆಂಡತಿ ಗದ್ದೆಮ್ಮನನ್ನು ಕರೆದುಕೊಂಡು ವಳಕಮದಿನ್ನಿಯ ಕಡೆ ಕಾಲುವೆಯ ಮಣ್ಣು ಹೊರಲು ಹೋದ. ಅಲ್ಲಿ ಗುತ್ತಿಗೆದಾರನೊಬ್ಬನ ಮೂರು ಜೀಪುಗಳು ಎಣ್ಣೆ ಸೋರುತ್ತ ನಿಂತಿದ್ದವು. ನೋಡಿ ತಡೆಯಲಾಗದೆ ಮೇಸ್ತ್ರಿಯ ಬಳಿ ಹೋಗಿ, "ನಾ ಮಾಡ್ತೀನ್ರೀ, ಮಿಲಿಟ್ರ್ಯಾಗ ಕಲ್ತೀನಿ" ಅಂದ.

"ಯಾ ಊರು?"

"ಪಾಮನಕಲ್ಲೂರ್ರಿ."

"ಓಹೋ, ಹೊಂಗಿ ಎಣ್ಣಿ ಆಸಾಮಿ ನೀನ ಏನು? ಬುಟ್ಟಿ ಹೊರು ಹೋಗಪಾ."

ಅವತ್ತಿನಿಂದ ಅವನು ತನ್ನ ಊರಿನ ಹೆಸರು ಹೇಳುವುದನ್ನೇ ಬಿಟ್ಟ ಎನ್ನುತ್ತಾಳೆ ಗದ್ದೆಮ್ಮ. ಈ ವರ್ಷದ ಶ್ರಾವಣದಲ್ಲಿ ಅವನಿಗೆ ಚಳಿಜ್ವರ ಬಂತು. ಎಂಟು ದಿನ ಮಲಗಿದ. ಜ್ವರದಲ್ಲಿ ಬಡಬಡಿಸಿದ್ದು ಒಂದೇ, "ಬ್ಯಾಡ ಎವ್ವಾ, ಬಸ್ಸಿಗಿ ಹೋಗು." ಒಂಬತ್ತನೆಯ ದಿನ ಸತ್ತ. ಕಾಲುವೆಯ ದಂಡೆಯಲ್ಲೇ ಮಣ್ಣು ಮಾಡಿದರು. ಗದ್ದೆಮ್ಮ ಊರಿಗೆ ಮರಳಿದ್ದಾಳೆ. ಕೊಡ ಹಿಡಿದು ಹಳ್ಳಕ್ಕೆ ಹೋದರೆ, "ಎಣ್ಣಿ ಹಾಕಿದಾನ ಹೇಣ್ತಿ ಬಂದ್ಲು" ಅನ್ನುತ್ತಾರೆ. ಅವಳು ಕೇಳುವುದು ಇಷ್ಟೇ, "ಅವ ಹೇಳಿದ್ದನ್ರೀ. ಹೇಳಿದ್ದ ಅಂತ ಯಾರರ ಒಬ್ರು ಅನ್ನಲಿ."

ಕರಿಬಸಪ್ಪನವರೇ, ಕಟ್ಟೆಯ ಮೇಲೆ ಕೂತಿದ್ದ ಉಳಿದ ನಾಲ್ವರೇ, ಈ ಪತ್ರಿಕೆ ನಿಮ್ಮ ಊರಿಗೆ ಬರುತ್ತದೆ, ಓದಿಸಿ ಕೇಳುತ್ತೀರಿ. ಓದುತ್ತಿರುವ ಬೇರೆಯವರೇ, ನೀವೂ ಈ ಮಾತನ್ನು ಎಲ್ಲೋ ಕೇಳಿ ಇನ್ನೆಲ್ಲೋ ದಾಟಿಸಿದವರು. ಚೀಟಿ ಬರೆಯಬೇಡಿ, ಆಳು ಕಳಿಸಬೇಡಿ. ನೀವೇ ಎದ್ದು ಹಗಲು ಹೊತ್ತಿನಲ್ಲಿ ಕೆಳಗೇರಿಗೆ ನಡೆಯಿರಿ, ಗದ್ದೆಮ್ಮನ ಬಾಗಿಲಿಗೆ ನಿಲ್ಲಿರಿ, ಕೇರಿಯೆಲ್ಲ ಕೇಳುವಂತೆ ಹೇಳಿರಿ: ನಿನ್ನ ಗಂಡ ಹೇಳಿದ್ದ, ನಾವು ನಕ್ಕೆವು.