ಮಾವ ಆರಿಸಿದ ಏರ್ ಫಿಲ್ಟರ್

ನಮ್ಮ ಸೋದರಮಾವನ ಬಿಳಿ ಅಂಗಿಗಳೆಲ್ಲದರ ಮೇಲೂ ಹೊಟ್ಟೆಯ ಎತ್ತರಕ್ಕೆ ಅಡ್ಡಲಾಗಿ ಒಂದು ಕರಿಗೆರೆ ಇರುತ್ತಿತ್ತು. ಬಾನೆಟ್ ಎತ್ತಿ ಒಳಕ್ಕೆ ಬಾಗಿದಾಗ ಕಾರಿನ ಅಂಚು ಅಲ್ಲಿಗೆ ಒತ್ತುತ್ತಿತ್ತು. ಅತ್ತೆ ನೆನೆಸಿ, ಉಜ್ಜಿ, ಕೊನೆಗೆ ಕೈಬಿಟ್ಟಿದ್ದರು. ಮದುವೆ ಮನೆಗಳಿಗೂ ಮಾವ ಆ ಗೆರೆಯ ಸಮೇತವೇ ಬರುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನಾನು ಬೇರೆ ಕಡೆ ಹೋಗಿ ಕೂರುತ್ತಿದ್ದೆ.

ಅವರು ಪುಟ್ಟೇನಹಳ್ಳಿಯವರು. ರಾಗಿ ಬೆಳೆಯುತ್ತಿದ್ದ ಜಮೀನು ಬಡಾವಣೆಯಾದ ಮೇಲೆ ಉಳಿದ ತುಂಡಿನಲ್ಲಿ ಮೂರು ಮಹಡಿ ಕಟ್ಟಿಸಿ, ಎರಡನ್ನು ಬಾಡಿಗೆಗೆ ಕೊಟ್ಟು, ಮಿಕ್ಕ ಆಯುಷ್ಯವನ್ನು ಒಂದು ಕಾರಿನ ಮುಂದೆ ಬಾಗಿ ಕಳೆದರು. ಏನೂ ಓದದವರಿಗೆ ಮಾತ್ರ ಬರುವ ಖಚಿತತೆ ಅವರ ಮಾತಿನಲ್ಲಿತ್ತು. ಕಾರು ತಯಾರಿಸಿದ ಕಂಪನಿಯ ಎಂಜಿನಿಯರುಗಳು ದಡ್ಡರು, ಬಾಡಿಗೆಗಿದ್ದ ಹುಡುಗರು ಇನ್ನೂ ದಡ್ಡರು. ಮಾತೆಲ್ಲ ಕೂಗಿಯೇ ಆಡುತ್ತಿದ್ದರು. ನಾವೊಂದು ಕೇಳಿದರೆ ಅವರೊಂದು ಹೇಳುತ್ತಿದ್ದರು. ಹೆಂಗಸರ ಮಾತಿಗೆ ಕಿವಿಗೊಟ್ಟರೆ ಗೌರವ ಕಡಿಮೆಯಾಗುತ್ತದೆಂದು ನಂಬಿದ ಗಂಡಸರ ಪೈಕಿ ಎಂದು ನಾನು ತೀರ್ಮಾನಿಸಿದ್ದೆ. ಆ ತೀರ್ಮಾನವನ್ನು ಮತ್ತೆ ಪರಿಶೀಲಿಸುವ ಅಗತ್ಯ ನನಗೆ ಕಂಡಿರಲಿಲ್ಲ.

ನನ್ನ ಕೆಲಸ ಗಾಳಿಯಲ್ಲಿನ ಧೂಳನ್ನು ಅಳೆಯುವುದು. ಬಿಳಿಯ ಫಿಲ್ಟರ್ ಕಾಗದವನ್ನು ತೂಗಿ ಯಂತ್ರದಲ್ಲಿಟ್ಟು, ಒಂದು ದಿನದ ಗಾಳಿ ಹಾಯಿಸಿ, ಮತ್ತೆ ತೂಗುತ್ತೇವೆ. ಮನೆಯಲ್ಲಿ ಯಾರಿಗೂ ಇದು ಕೆಲಸವೆನ್ನಿಸಿರಲಿಲ್ಲ. ಮಾವನಿಗೆ ಮಾತ್ರ ಒಂದು ದಿನ ಇದರ ಉಪಯೋಗ ಹೊಳೆಯಿತು.

ಕಾರಿಗೆ ಹದಿನೈದು ವರ್ಷ ತುಂಬುತ್ತಿತ್ತು. ಆರ್‌ಟಿಓ ತಪಾಸಣೆಯಲ್ಲಿ ಪಾಸಾದರೆ ಇನ್ನೈದು ವರ್ಷ ಓಡಿಸಬಹುದು, ಇಲ್ಲದಿದ್ದರೆ ಗುಜರಿಗೆ. ಅವರ ಮಗ ಆಗಲೇ ಗುಜರಿಯವರ ಜೊತೆ ಮಾತಾಡಿಟ್ಟಿದ್ದ. ಕಾರನ್ನು ಉಳಿಸಿಕೊಳ್ಳಲು ಮಾವ ಕಂಡುಕೊಂಡ ಉಪಾಯವೆಂದರೆ ಕಂಪನಿಯ ಏರ್ ಫಿಲ್ಟರ್ ಕಿತ್ತು ಹೊರಗಿನದೊಂದನ್ನು ಹಾಕಿಸುವುದು.

"ಇಂಜಿನ್‌ಗೂ ನಮ್ಮಂಗೆ ಮೂಗೈತೆ ಕಣವ್ವಾ. ಕಂಪನಿಯೋರು ಆ ಮೂಗಿಗೆ ಬಟ್ಟೆ ಕಟ್ಟಿ ಕಳಿಸ್ತಾರೆ. ಅದನ್ನ ಬಿಚ್ಚಿದ್ರೆ ಹೊಸ ಗಾಡಿ ಆಗ್ತದೆ. ಯಾವುದು ಹಾಕ್ಬೇಕು ಅಂತ ನೀನೇ ಬಂದು ಹೇಳು."

ಜೆ.ಪಿ. ನಗರದ ಕಾರು ಅಲಂಕಾರದ ಅಂಗಡಿಗೆ ಹೋದೆವು. ಮಾಲೀಕ ಮೂರು ಬಗೆ ತೆಗೆದಿಟ್ಟ. ಕಾರಿನಲ್ಲಿರುವ ಹಳೆಯ ಡಬ್ಬಿಯಲ್ಲೇ ಕೂರುವ ಕಾಗದದ ಫಿಲ್ಟರ್ ಒಂದು. ಅದೇ ಅಳತೆಯ, ಎಣ್ಣೆ ಸವರಿದ ಹತ್ತಿಯದು ಇನ್ನೊಂದು. ಮೂರನೆಯದು ಡಬ್ಬಿಯೇ ಇಲ್ಲದ, ಹೊಳೆಯುವ ಪೈಪಿನ ತುದಿಗೆ ಸಿಕ್ಕಿಸಿದ ಕೆಂಪು ಕೋನ್.

"ಇದು ಹಾಕಿ ಸಾರ್, ಪಿಕಪ್ ಸಖತ್. ಸಿಗ್ನಲ್ ಬಿಟ್ರೆ ನೀವೇ ಫಸ್ಟು."

"ಇದು ಎಷ್ಟು ಸಣ್ಣ ಧೂಳನ್ನ ತಡೆಯುತ್ತೆ?" ಎಂದು ಕೇಳಿದೆ.

"ಧೂಳಾ?" ಅವನು ಕೋನನ್ನು ತಿರುಗಿಸಿ ನೋಡಿದ. "ಮೇಡಂ, ಇದು ಇಂಪೋರ್ಟೆಡ್."

"ಆಫೀಸ್‌ನಲ್ಲಿ ಧೂಳು ತೂಗ್ತಾಳೆ ಕಣಯ್ಯ ಇವಳು," ಎಂದರು ಮಾವ. "ಮನೇಲಿ ಮಾತ್ರ ಪೊರಕೆ ಮುಟ್ಟಲ್ಲ."

ಇಬ್ಬರೂ ನಕ್ಕರು. ನಾನು ಒಂದೊಂದೇ ಕಾರಣ ಹೇಳಿದೆ. ಡಬ್ಬಿಯಿಲ್ಲದ ಕೋನ್ ಎಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಎಳೆಯುತ್ತದೆ, ಅದರಿಂದ ಶಕ್ತಿ ಹೆಚ್ಚುವುದಿಲ್ಲ. ಅಗೆದು ಬಿಟ್ಟ ನಮ್ಮ ರಸ್ತೆಗಳ ಧೂಳನ್ನು ಅದು ಕಾಗದದಷ್ಟು ಹಿಡಿಯುವುದಿಲ್ಲ. ಹೆಚ್ಚುವುದು ಸದ್ದು ಮಾತ್ರ. ಕಾಗದದ್ದೇ ಸಾಕು. ಮಾವ ನನ್ನ ಬಾಯನ್ನೇ ದಿಟ್ಟಿಸಿ ನೋಡುತ್ತ ಎಲ್ಲವನ್ನೂ ಕೇಳಿದರು. ಆಮೇಲೆ ಕೋನ್ ಹಾಕಿಸಿ ಎಂಜಿನ್ ಎಬ್ಬಿಸಿ, ಆಕ್ಸಿಲರೇಟರ್ ಒತ್ತಿದರು. ಬಾನೆಟ್ ಕೆಳಗಿಂದ ಗುಟುರು ಹಾಕಿದಂಥ ಸದ್ದು ಬಂತು. ಅವರ ಮುಖ ಮಗುವಿನ ಮುಖವಾಯಿತು.

"ಹಾ. ಈಗ ಮಾತಾಡ್ತಾವ್ನೆ ನೋಡು."

ನನ್ನನ್ನು ಕರೆದುಕೊಂಡು ಹೋದದ್ದು ಯಾಕೆಂದು ಕೇಳಲಿಲ್ಲ. ಅಂಥವರನ್ನು ಕೇಳಿ ಪ್ರಯೋಜನವಿಲ್ಲ.

ತಪಾಸಣೆಗೆ ಹತ್ತು ದಿನವಿದ್ದಾಗ ಆಯುಧಪೂಜೆ ಬಂತು. ಎಲ್ಲರೂ ಕಾರಿನ ಮುಂಭಾಗಕ್ಕೆ ಪೂಜೆ ಮಾಡಿದರೆ ಮಾವ ಬಾನೆಟ್ ಎತ್ತಿ ಕೋನ್‌ಗೆ ಮಾಡಿದರು, ಅದೂ ಎಂಜಿನ್ ಓಡುತ್ತಿರುವಾಗಲೇ. ಕೋನಿನ ಮೇಲೆ ಮೂರು ಪಟ್ಟೆ ವಿಭೂತಿ ಬಳಿದು, ನಡುವೆ ಒಂದು ಚಿಟಿಕೆ ಕುಂಕುಮ ಇಟ್ಟರು. ಎಂಜಿನ್ ಉಸಿರೆಳೆದುಕೊಂಡಿತು. ಕುಂಕುಮದ ಪುಡಿ ಕಣ್ಣೆದುರೇ ಒಳಗೆ ಹೋಯಿತು. ಮಾವ ಇನ್ನೊಂದು ಚಿಟಿಕೆ ಇಟ್ಟರು. ಅದೂ ಹೋಯಿತು.

"ನೋಡ್ರೋ, ತಾನಾಗೇ ತಗೊಂತಾವ್ನೆ ಪ್ರಸಾದಾನ," ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿ ಬಟ್ಟಲು ಖಾಲಿ ಮಾಡಿದರು. ಬಾಡಿಗೆಯ ಹುಡುಗರು ವಿಡಿಯೊ ಮಾಡಿಕೊಂಡರು. ನಾನು ಕಾಫಿ ಕುಡಿಯದೆ ಮನೆಗೆ ಬಂದೆ.

ಮೂರನೇ ದಿನಕ್ಕೆ ಎಂಜಿನ್ ಮುಗ್ಗರಿಸತೊಡಗಿತು. ಆರ್‌ಟಿಓಗೆ ಹೋಗುವ ಮೊದಲು ಮಾಡಿಸಬೇಕಾದ ಹೊಗೆ ತಪಾಸಣೆಯಲ್ಲಿ ಕಾರು ಫೇಲಾಯಿತು. ಅತ್ತೆ ಫೋನ್ ಮಾಡಿ, "ಊಟ ಬಿಟ್ಟವ್ರೆ ಕಣಮ್ಮ. ಗುಜರಿಯವನು ನಾಳಿದ್ದು ಬತ್ತಾನಂತೆ," ಎಂದರು. ಹೋದೆ. ಸಹಾಯ ಮಾಡಲು ಹೋದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಮಾವ ತಪ್ಪೆಂದು ಅವರ ಕಣ್ಣಮುಂದೆಯೇ ತೋರಿಸಲು ಹೋದೆ. ಕೋನ್ ಬಿಚ್ಚಿ ಪೈಪಿನ ಒಳಗೆ ಬಿಳಿಯ ಬಟ್ಟೆ ಆಡಿಸಿದೆ. ಬಟ್ಟೆ ಗುಲಾಬಿಯಾಗಿ ಹೊರಬಂತು. ಅದನ್ನು ಅವರ ಮೂಗಿನ ಹತ್ತಿರ ಹಿಡಿದೆ. ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರನ್ನು ಸ್ಪ್ರೇ ಹಾಕಿ ತೊಳೆದೆ. ಕಂಪನಿಯ ಹಳೆಯ ಡಬ್ಬಿಯಲ್ಲಿ ಅತ್ತೆ ದೊಡ್ಡಪತ್ರೆ ನೆಟ್ಟಿದ್ದರು. ಗಿಡ ಕಿತ್ತು, ಮಣ್ಣು ತೊಳೆದು ಒಣಗಿಸಿ, ಹೊಸ ಕಾಗದದ ಫಿಲ್ಟರ್ ಹಾಕಿ ಕೂರಿಸಿದೆ. ಎಂಜಿನ್ ಸದ್ದಿಲ್ಲದೆ ಓಡಿತು. ಹೊಗೆ ತಪಾಸಣೆಯಲ್ಲಿ ಪಾಸಾಯಿತು.

ಆರ್‌ಟಿಓ ತಪಾಸಣೆಗೆ ನಾನೂ ಜೊತೆಗೆ ಹೋದೆ. ಗೆಲುವನ್ನು ಕಣ್ಣಾರೆ ನೋಡಬೇಕಿತ್ತು. ಇನ್ಸ್‌ಪೆಕ್ಟರ್ ದೀಪ, ಬ್ರೇಕು, ಚಾಸಿ ನಂಬರು ನೋಡಿ, "ಸ್ಟಾರ್ಟ್ ಮಾಡಿ ಯಜಮಾನ್ರೆ," ಎಂದರು. ಮಾವ ಕೀ ತಿರುಗಿಸಿದರು. ಎಂಜಿನ್ ಶುರುವಾಯಿತು. ಅವರು ಮತ್ತೆ ಕೀ ತಿರುಗಿಸಿದರು. ಓಡುತ್ತಿರುವ ಎಂಜಿನ್‌ನ ಸ್ಟಾರ್ಟರ್ ಕರ್ರೆಂದು ಕಿರುಚಿತು.

"ಸ್ಟಾರ್ಟ್ ಆಗಿದೆ, ಬಿಡಿ."

ಮಾವ ಮೂರನೇ ಸಲ ತಿರುಗಿಸಿದರು.

"ಯಜಮಾನ್ರೆ, ಆಗಿದೆ ಅಂದ್ನಲ್ಲ. ಗಾಡಿ ಹೊಸದಾ ನಿಮ್ಗೆ?"

ಸುತ್ತಲಿದ್ದವರು ನಕ್ಕರು. ಮಾವನೂ ನಕ್ಕರು, ಯಾಕೆಂದು ತಿಳಿಯದೆ. ಕಾರು ಪಾಸಾಯಿತು.

ವಾಪಸು ಬರುವಾಗ ಅವರು ಮೊದಲ ಗೇರಿನಲ್ಲೇ ಅರ್ಧ ರಸ್ತೆ ಬಂದರು. ಹಿಂದಿನ ಬಸ್ಸಿನ ಹಾರನ್ನಿಗೆ ತಿರುಗಲಿಲ್ಲ. ನಾನು ಕೈ ಮುಟ್ಟಿ ಬದಿಗೆ ನಿಲ್ಲಿಸಲು ಹೇಳಿದೆ.

"ಎಷ್ಟು ದಿನದಿಂದ ಕೇಳಿಸ್ತಿಲ್ಲ ಮಾವ?"

ನನ್ನ ಬಾಯನ್ನೇ ನೋಡುತ್ತಿದ್ದರು. "ಎರಡ್ ವರ್ಷದಿಂದ ಕಮ್ಮಿ ಆಗ್ತಾ ಬಂತು," ಎಂದರು. ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದರು. "ಆ ಕೋನ್ ಇದ್ದಾಗ ಕೇಳ್ತಿತ್ತು ಕಣವ್ವಾ. ಯಾವಾಗ ಗೇರ್ ಹಾಕ್ಬೇಕು ಅಂತ ಗೊತ್ತಾಗ್ತಿತ್ತು. ಮನೇಲಿ ಹೇಳ್ಬೇಡ. ಹೇಳಿದ್ರೆ ಗಾಡಿ ಮಾರ್ತಾನೆ ನನ್ ಮಗ."

"ಕಿವಿಗೆ ಮಿಷನ್ ಹಾಕಿಸಿಕೊಳ್ಳಿ."

"ಅದು ಮುದುಕ್ರಿಗೆ."

ಅಂಗಡಿಯಲ್ಲಿ ಮೂರು ಫಿಲ್ಟರುಗಳ ಗುಣದೋಷವನ್ನು ಅಷ್ಟು ಕ್ರಮವಾಗಿ ವಿವರಿಸಿದ ನಾನು, ಎದುರಿಗಿದ್ದ ಮನುಷ್ಯನಿಗೆ ಕಿವಿ ಕೇಳುತ್ತಿಲ್ಲವೆಂಬುದನ್ನು ಗಮನಿಸಿರಲಿಲ್ಲ. ಅಳೆಯುವುದೇ ನನ್ನ ವೃತ್ತಿ. ಈ ಬಗ್ಗೆ ಹೆಚ್ಚು ಬರೆಯುವುದು ನನಗೆ ಇಷ್ಟವಿಲ್ಲ.

ಒಂದು ಷರತ್ತು ಹಾಕಿದೆ: ಇನ್ನು ಮುಂದೆ ಓಡಿಸುವುದು ನಾನು. ಮನೆಯಲ್ಲಿ, ನಾನು ಡ್ರೈವಿಂಗ್ ರೂಢಿ ಮಾಡಿಕೊಳ್ಳುತ್ತಿದ್ದೇನೆಂದು ಇಬ್ಬರೂ ಹೇಳಿದೆವು. ಪ್ರತಿ ಭಾನುವಾರ ಬನಶಂಕರಿ, ಜಯನಗರ ಸುತ್ತಿಸುತ್ತಿದ್ದೆ. ಮಾವ ಪಕ್ಕದಲ್ಲಿ ಕೂತು ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಟ್ಟು ಏನಾದರೂ ತಿಳಿಯುತ್ತದೆಯೇ ಎಂದು ಕಾಯುತ್ತಿದ್ದರು. ಏನೂ ತಿಳಿಯುತ್ತಿರಲಿಲ್ಲ. ನನ್ನ ಕಾಗದದ ಫಿಲ್ಟರ್ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಎರಡು ಭಾನುವಾರ ಸಹಿಸಿದೆ. ಮೂರನೆಯ ವಾರ ಆ ಕೋನನ್ನು ಹುಡುಕಿ, ಕುಂಕುಮ ಹೋಗುವ ತನಕ ತೊಳೆದು, ಎಣ್ಣೆ ಸವರಿ, ನಾನೇ ಸಿಕ್ಕಿಸಿದೆ. ಅದರಿಂದ ಎಂಜಿನ್‌ಗೆ ಏನಾಗುತ್ತದೆಂದು ಆ ಬೀದಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಕಾರು ಗುಟುರು ಹಾಕಿತು. ಮಾವ ಧನ್ಯವಾದ ಹೇಳಲಿಲ್ಲ.

"ಇಷ್ಟ್ ಓದಿ ಕೊನೆಗೂ ಬುದ್ಧಿ ಬಂತು ನಿಂಗೆ," ಎಂದರು. "ಸೆಕೆಂಡ್ ಹಾಕು. ಕೇಳ್ತಿಲ್ವಾ, ಬಡ್ಕೊಂತಾವ್ನೆ."

ನನಗೆ ಡ್ರೈವಿಂಗ್ ಬಂದದ್ದು ಹಾಗೆ, ಎಂಟು ತಿಂಗಳ ಬೈಗುಳದಿಂದ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಮಾವ ಏಳಲಿಲ್ಲ. ಮಗನಿಗೆ ಕಾರು ಬೇಡವಾಗಿತ್ತು. ಅತ್ತೆ ನನಗೆ ಕೊಟ್ಟರು.

ಮೊನ್ನೆ ಅದು ಎಣ್ಣೆ ಕುಡಿಯುತ್ತಿದೆಯೆಂದು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಾನೆಟ್ ಎತ್ತಿ ಕೋನ್ ನೋಡಿದವನೇ ಮುಖ ಹಿಂಡಿದ.

"ಧೂಳು ತಿಂದು ಒಳಗೆಲ್ಲ ಸವೆದೋಗಿದೆ. ಯಾರ್ ಮೇಡಂ ಈ ದರಿದ್ರ ಹಾಕಿದ್ದು?"

"ನಾನೇ," ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸೌಂಡ್ ಬೇಕಿತ್ತಾ?"

"ಹೌದು. ಸೌಂಡ್ ಬೇಕಿತ್ತು."