ಡೊರೀನ್ ಮೇಡಂ ಮೊದಲ ಸಾಲಿನಲ್ಲೇ ನಿಂತ ಸಂಜೆ

ಕೋವಿಡ್ ಕಳೆದು ದೆಹಲಿಯ ಸಭಾಂಗಣಗಳು ಮತ್ತೆ ತುಂಬತೊಡಗಿದ್ದ ಎರಡನೆಯ ಚಳಿಗಾಲ ಅದು. ಲೋಧಿ ಕಾಲೋನಿಯ ಹತ್ತಿರದ ಒಂದು ಸಭಾಂಗಣದಲ್ಲಿ ನಾನು ಹಿರಿಯ ಸೌಂಡ್ ಇಂಜಿನಿಯರ್ ಆಗಿದ್ದೆ. ರಾಣೆಬೆನ್ನೂರಿನ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದವರ ಮಗಳು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ., ಅದೂ ಹಾಸ್ಟೆಲ್ಲಿನಲ್ಲಿದ್ದು, ಬೇರೆಯವರ ಪುಸ್ತಕ ಓದಿ. ಇಲ್ಲಿಗೆ ಬಂದ ಹೊಸದರಲ್ಲಿ ಸ್ಟೇಜಿನ ಕೆಲಸಗಾರರು ನನ್ನನ್ನು ‘ಮೈಕ್‌ವಾಲಿ ದೀದಿ’ ಎನ್ನುತ್ತಿದ್ದರು. ಇಂಜಿನಿಯರ್ ಅನ್ನಿ ಎಂದು ತಿದ್ದಿದೆ. ತಿದ್ದಿದ್ದಕ್ಕೆ ನನಗೆ ಸಂಕೋಚವೇನಿಲ್ಲ.

ನನ್ನ ಜಾಗ ಪ್ರೇಕ್ಷಕರ ಕೊನೆಯ ಸಾಲಿನ ನಡುವೆ, ಮಿಕ್ಸಿಂಗ್ ಕನ್ಸೋಲ್ ಹಿಂದೆ. ವೇದಿಕೆಯ ಪ್ರತಿಯೊಂದು ಮೈಕಿಗೂ ಅಲ್ಲಿ ಒಂದು ಫೇಡರ್ ಇರುತ್ತದೆ. ಅದನ್ನು ಮೇಲೆ ಸರಿಸಿದರೆ ಆ ಮೈಕಿನ ಸದ್ದು ಏರುತ್ತದೆ, ಕೆಳಗೆ ಸರಿಸಿದರೆ ಇಳಿಯುತ್ತದೆ. ಸಭೆಗೆ ಕೇಳುವ ಸದ್ದು ಒಂದು, ಕಲಾವಿದರಿಗೆ ವೇದಿಕೆಯಲ್ಲಿ ಕೇಳುವ ಸದ್ದು ಇನ್ನೊಂದು. ಎರಡನೆಯದಕ್ಕೆ ಮಾನಿಟರ್ ಎನ್ನುತ್ತೇವೆ. ಯಾರಿಗೆ ಏನು ಕೇಳಬೇಕು, ಏನು ಕೇಳಬಾರದು ಎಂಬುದನ್ನು ತೀರ್ಮಾನಿಸುವ ಕೆಲಸ ನನ್ನದು.

ಆ ಸಂಜೆ ಡೊರೀನ್ ಮೇಡಂ ಅವರ ಜಾಜ್ ಕಛೇರಿ. ಅವರು ದೆಹಲಿಯಲ್ಲೇ ಹುಟ್ಟಿ ಬೆಳೆದ ಆಂಗ್ಲೋ ಇಂಡಿಯನ್. ಹಿಂದೆ ಇಲ್ಲಿಯ ದೊಡ್ಡ ಹೋಟೆಲುಗಳಲ್ಲಿ ಪ್ರತಿ ಶನಿವಾರ ಹಾಡುತ್ತಿದ್ದವರು. ಪಿಯಾನೋ ನುಡಿಸುವವರು ಅವರ ಗಂಡ ವಿಲ್ಫ್ರೆಡ್, ಎಲ್ಲರಿಗೂ ವಿಲ್ಲಿ ಸರ್. ಅವರು ಮಂಗಳೂರಿನವರು. ಹರೆಯದಲ್ಲೇ ದೆಹಲಿಗೆ ಬಂದು ಇಲ್ಲೇ ಉಳಿದವರು, ಕನ್ನಡ ಮಾತ್ರ ಊರಿನದೇ. ನನ್ನ ಹೆಸರು ಕೇಳಿದ ದಿನದಿಂದಲೂ ನಮ್ಮಿಬ್ಬರ ಮಾತು ಕನ್ನಡದಲ್ಲೇ.

ಜಾಜ್‌ನಲ್ಲಿ ಸ್ಟ್ಯಾಂಡರ್ಡ್ ಎಂದರೆ ಎಲ್ಲರಿಗೂ ಗೊತ್ತಿರುವ ಹಳೆಯ ಹಾಡು. ಮೊದಲು ಹಾಡನ್ನು ಇದ್ದ ಹಾಗೆಯೇ ಹಾಡುತ್ತಾರೆ, ಅದಕ್ಕೆ ಹೆಡ್ ಎಂದು ಹೆಸರು. ಆಮೇಲೆ ಅದೇ ಸ್ವರಗಳ ಚೌಕಟ್ಟಿನಲ್ಲಿ ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ನುಡಿಸುತ್ತಾರೆ. ಕೊನೆಗೆ ಯಾರಾದರೊಬ್ಬರು ಅಂಗೈಯನ್ನು ತಲೆಯ ಮೇಲಿಡುತ್ತಾರೆ. ಹೆಡ್‌ಗೆ ಹಿಂತಿರುಗೋಣ ಎಂಬುದಕ್ಕೆ ಅದೇ ಸಂಜ್ಞೆ. ಗಾಯಕಿ ಮತ್ತೆ ಮೊದಲಿನಿಂದ ಹಾಡಿ ಮುಗಿಸುತ್ತಾರೆ. ಡೊರೀನ್ ಮೇಡಂ ಪ್ರತಿ ಕಛೇರಿಯನ್ನೂ ಒಂದೇ ಹಾಡಿನಿಂದ ಮುಗಿಸುತ್ತಿದ್ದರು. ‘ನಿನ್ನ ಕೋಟು ಇನ್ನೂ ಬಾಗಿಲ ಹಿಂದೆ ತೂಗುತ್ತಿದೆ’ ಎಂಬರ್ಥದ ಸಾಲಿನಿಂದ ಶುರುವಾಗುವ ಹಾಡು ಅದು. ಜನ ಬರುತ್ತಿದ್ದುದೇ ಅದಕ್ಕಾಗಿ.

ಮಧ್ಯಾಹ್ನ ಸೌಂಡ್ ಚೆಕ್ ಮುಗಿದ ಮೇಲೆ ವಿಲ್ಲಿ ಸರ್ ಒಬ್ಬರೇ ನನ್ನ ಹತ್ತಿರ ಬಂದರು.

“ಮಂಜುಳಾ, ಒಂದು ಉಪಕಾರ ಆಗ್ಬೇಕು. ಅವಳ ಕಿವಿಗೆ ಮಾತ್ರ ಕೇಳುವ ಹಾಗೆ ನಂಗೊಂದು ಮೈಕ್ ಕೊಡು.”

“ಯಾಕೆ ಸರ್?”

“ಪದ ಹೇಳಿಕೊಡ್ಲಿಕ್ಕೆ. ಅವಳಿಗೆ ಮರೆವು ಬಂದಿದೆ. ವಯಸ್ಸಿನ ಮರೆವಲ್ಲ ಮಾರಾಯ್ತಿ, ಡಾಕ್ಟರ್ ಹೆಸರಿಟ್ಟ ಮರೆವು. ಇನ್ನು ಮುಂದೆ ಹಾಡ್ಲಿಕ್ಕೆ ಆಗ್ಲಿಕ್ಕಿಲ್ಲ ಅಂತ ಅವಳಿಗೂ ಗೊತ್ತುಂಟು, ಕೆಲವು ದಿನ ಮಾತ್ರ. ಇದೊಂದು ಸಲ ಹಾಡ್ತೇನೆ ಅಂತ ಕೂತಿದ್ದಾಳೆ.”

“ಎದುರಿಗೆ ಸ್ಟ್ಯಾಂಡ್ ಇಟ್ಟು ಪದ ಬರೆದಿಟ್ಟರೆ?”

“ಆ ಹಾಡನ್ನು ಡೊರೀನ್ ಕಾಗದ ನೋಡಿ ಹಾಡಿದ್ರೆ ಮುಂದಿನ ಸಾಲಿನವರಿಗೆ ಅಲ್ಲೇ ಗೊತ್ತಾಗ್ತದೆ. ಅವಳು ನನ್ನತ್ರ ಕೇಳಿದ್ದು ಒಂದೇ. ಜನ ನನ್ನನ್ನು ಪಾಪ ಅನ್ನಬಾರದು ಅಂತ.”

ಕೆಲಸ ಕಷ್ಟದ್ದಾಗಿರಲಿಲ್ಲ. ಮೇಡಂಗೆ ಇನ್-ಇಯರ್ ಕೊಟ್ಟೆ. ಅದು ಕಿವಿಯೊಳಗೆ ಕೂರುವ ಪುಟ್ಟ ಸ್ಪೀಕರ್, ಕೂದಲು ಇಳಿಬಿಟ್ಟರೆ ಕಾಣುವುದಿಲ್ಲ. ವಿಲ್ಲಿ ಸರ್ ಅವರ ಪಿಯಾನೋದ ಮೇಲೆ ಒಂದು ಸಣ್ಣ ಮೈಕ್ ಇಟ್ಟು, ಎಡಗಾಲಿನ ಬಳಿ ಎರಡು ಸ್ವಿಚ್ ಜೋಡಿಸಿದೆ. ಒಂದನ್ನು ತುಳಿದರೆ ಅವರ ಮಾತು ಹೆಂಡತಿಯ ಕಿವಿಗೂ ನನ್ನ ಹೆಡ್‌ಫೋನಿಗೂ, ಇನ್ನೊಂದನ್ನು ತುಳಿದರೆ ನನ್ನ ಹೆಡ್‌ಫೋನಿಗೆ ಮಾತ್ರ. ಪರೀಕ್ಷಿಸಿದೆವು. ಎಲ್ಲ ಸರಿಯಿತ್ತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕಳೆದ ವರ್ಷ ಡೊರೀನ್ ಮೇಡಂ ತೀರಿಕೊಂಡರು. ಇದನ್ನೆಲ್ಲ ಈಗ ಬರೆಯಲೇ ಎಂದು ಕೇಳಿದಾಗ ವಿಲ್ಲಿ ಸರ್, “ಬರಿ. ಕನ್ನಡದಲ್ಲಲ್ವಾ, ಇಲ್ಲಿ ಯಾರು ಓದ್ತಾರೆ” ಎಂದರು.

ಸಂಜೆ ಸಭಾಂಗಣ ತುಂಬಿತು. ಮುಂದೆಲ್ಲ ಬೂದು ತಲೆಯವರು, ಶಾಲು, ಟ್ವೀಡ್ ಕೋಟು. ಹಿಂದೆ ಗುರುಗ್ರಾಮದ ಆಫೀಸುಗಳಿಂದ ನೇರವಾಗಿ ಬಂದ ಚಿಕ್ಕವರು. ನನ್ನ ಕನ್ಸೋಲ್ ಪಕ್ಕದ ಎರಡು ಕುರ್ಚಿಗಳಲ್ಲಿ ಭಟ್ನಾಗರ್ ಸಾಹೇಬರು ಮತ್ತು ಅವರ ಹೆಂಡತಿ. ಸಾಹೇಬರು ಕೇಂದ್ರ ಸರ್ಕಾರದಲ್ಲಿ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಗಜಲ್, ಠುಮ್ರಿ, ಜಾಜ್ ಯಾವುದನ್ನೂ ಬಿಡುತ್ತಿರಲಿಲ್ಲ. ಇಂಜಿನಿಯರ್ ಪಕ್ಕ ಕೂತರೆ ಸದ್ದು ಚೆನ್ನಾಗಿ ಕೇಳುತ್ತದೆ ಎಂಬುದು ಅವರ ಲೆಕ್ಕ. ಅದು ಸರಿಯೇ. ನನಗೆ ಸಲಹೆ ಕೊಡದೆ ಇರುತ್ತಿರಲಿಲ್ಲ ಅಷ್ಟೆ.

“ಬೇಟಾ, ಬಾಸ್ ಥೋಡಾ ಕಮ್.”

“ಕಮ್ ಹೀ ಹೈ ಸರ್.”

“ಅಚ್ಛಾ? ಫಿರ್ ಮೇರಾ ಕಾನ್ ಹೀ ಬಾಸ್ ಹೋ ಗಯಾ ಹೋಗಾ.”

ತಗ್ಗಿನ ಸದ್ದಾದ ಬಾಸ್ ಕಡಿಮೆಯೇ ಇದೆ ಎಂದರೆ, ಹಾಗಾದರೆ ನನ್ನ ಕಿವಿಯೇ ಬಾಸ್ ಆಗಿರಬೇಕು ಎನ್ನುತ್ತಿದ್ದರು. ಹೆಂಡತಿ ಅವರ ಮೊಣಕೈಯನ್ನು ಮೆಲ್ಲಗೆ ತಿವಿದರು.

ಕಛೇರಿ ಚೆನ್ನಾಗಿಯೇ ನಡೆಯಿತು. ಪ್ರತಿ ಸಾಲಿಗೂ ಒಂದು ಉಸಿರು ಮುಂಚೆ ವಿಲ್ಲಿ ಸರ್ ಎರಡು ಪದ ಪಿಸುಗುಡುತ್ತಿದ್ದರು, ಮೇಡಂ ಅದನ್ನು ಎತ್ತಿಕೊಂಡು ಹಾಡುತ್ತಿದ್ದರು. ಹೆಡ್‌ಫೋನಿನಲ್ಲಿ ನನಗೆ ಎರಡೂ ಕೇಳುತ್ತಿದ್ದವು. ಸಭೆಗೆ ಕೇಳುತ್ತಿದ್ದುದು ಒಂದೇ. ಈ ಕೆಲಸ ನನ್ನಿಂದ ಆಗುತ್ತಿದೆ ಎಂದು ಒಳಗೊಳಗೇ ಹೆಮ್ಮೆಪಟ್ಟೆ.

ಕೊನೆಗೆ ಆ ಹಾಡು ಬಂತು. ಪಿಯಾನೋದ ಮೊದಲ ಸ್ವರಗಳಿಗೇ ಗುರುತು ಹಿಡಿದ ಚಪ್ಪಾಳೆ ಎದ್ದಿತು. ಮೊಬೈಲುಗಳು ಮೇಲೆದ್ದವು. ಸಾಹೇಬರು ಕಣ್ಣು ಮುಚ್ಚಿದರು. ಮೇಡಂ ಮೊದಲ ಸುತ್ತನ್ನು ತಪ್ಪಿಲ್ಲದೆ, ನಿಧಾನವಾಗಿ ಹಾಡಿದರು. ದನಿ ಸ್ವಲ್ಪ ಒಡೆದಿತ್ತು, ಅದೇ ಚೆಂದ ಕಾಣುತ್ತಿತ್ತು. ಸ್ಯಾಕ್ಸೋಫೋನ್ ತನ್ನ ಸುತ್ತು ನುಡಿಸಿತು, ಚಪ್ಪಾಳೆ. ಪಿಯಾನೋ ನುಡಿಯಿತು, ಮತ್ತೆ ಚಪ್ಪಾಳೆ. ಆಮೇಲೆ ವಿಲ್ಲಿ ಸರ್ ಬಲಗೈ ಎತ್ತಿ ಅಂಗೈಯನ್ನು ತಲೆಯ ಮೇಲಿಟ್ಟರು.

ಮೇಡಂ ಅವರನ್ನೇ ನೋಡಿದರು. ನಕ್ಕರು. ತಾವೂ ಒಂದು ಅಂಗೈಯನ್ನು ತಮ್ಮ ತಲೆಯ ಮೇಲಿಟ್ಟುಕೊಂಡರು, ಮಕ್ಕಳು ದೊಡ್ಡವರನ್ನು ಅಣಕಿಸುವ ಹಾಗೆ.

ಸಭೆ ಗೊಳ್ಳೆಂದು ನಕ್ಕಿತು. ಹಾಡು ಶುರುವಾಗಲಿಲ್ಲ. ವಾದ್ಯಗಳು ಇನ್ನೊಂದು ಸುತ್ತು ಹೊರಟವು. ವಿಲ್ಲಿ ಸರ್ ಮೊದಲ ಸಾಲನ್ನು ಅವರ ಕಿವಿಗೆ ಹೇಳಿದರು, ಮತ್ತೆ ಹೇಳಿದರು. ಮೇಡಂ ಕಿವಿಯ ಬಳಿ ಕೈ ಆಡಿಸಿದರು, ಸೊಳ್ಳೆ ಓಡಿಸುವ ಹಾಗೆ. ಕೈಗೆ ವೈರ್ ಸಿಕ್ಕಿತು. ಎಳೆದು ತೆಗೆದರು. ಇನ್-ಇಯರ್ ಅವರ ಭುಜದ ಮೇಲೆ ತೂಗಾಡಿತು.

ಆಮೇಲೆ ಅವರು ಮೊದಲ ಸಾಲನ್ನು ಹಾಡಿದರು. ಚೆನ್ನಾಗಿಯೇ ಹಾಡಿದರು. ಎರಡನೆಯ ಸಾಲು ಬರಬೇಕಾದಲ್ಲಿ ಮತ್ತೆ ಮೊದಲನೆಯದನ್ನೇ ಹಾಡಿದರು. ಸ್ವರಗಳ ಚೌಕಟ್ಟು ಮುಂದೆ ಹೋಗಿತ್ತು, ಅವರ ಕಿವಿ ಅದನ್ನು ಹಿಡಿದು ಅದೇ ಪದಗಳನ್ನು ಬೇರೆ ರಾಗಕ್ಕೆ ಕೂರಿಸಿತು. ಮೂರನೆಯ ಸಲವೂ ಅದೇ ಸಾಲು, ಬೇರೆ ಏರಿಳಿತ. ಪದ ಹೋಗಿತ್ತು, ಸಂಗೀತ ಹೋಗಿರಲಿಲ್ಲ.

“ವಾಹ್” ಎಂದರು ಸಾಹೇಬರು.

ದೆಹಲಿಯ ಈ ತಲೆಮಾರಿನವರು ಠುಮ್ರಿ ಕೇಳಿ ಬೆಳೆದವರು. ಒಂದೇ ಸಾಲನ್ನು ಹತ್ತು ಬಗೆಯಲ್ಲಿ ಹಾಡಿ ತೋರಿಸುವುದು ಅಲ್ಲಿ ದೊಡ್ಡ ವಿದ್ಯೆ. ಮುಂದೆ ಕೂತವರಿಂದ “ಕ್ಯಾ ಬಾತ್ ಹೈ” ಎಂಬ ಮೆಚ್ಚುಗೆಯ ದನಿಗಳು ಬಂದವು. ಸಾಹೇಬರು ಕೈಯೆತ್ತಿ, “ಮುಕರ್ರರ್” ಎಂದು ಕೂಗಿದರು. ಉರ್ದು ಕವಿಗೋಷ್ಠಿಗಳಾದ ಮುಷಾಯಿರಾಗಳಲ್ಲಿ ಕವಿಯ ಸಾಲು ಹಿಡಿಸಿದರೆ, ಅದನ್ನೇ ಇನ್ನೊಮ್ಮೆ ಹೇಳಿ ಎನ್ನುವ ಮಾತು ಅದು. ಮತ್ತೆ ನಾಲ್ಕಾರು ಕಡೆಯಿಂದ ಅದೇ ಮಾತು ಬಂತು. ದೊಡ್ಡವರನ್ನು ನೋಡಿ ಚಿಕ್ಕವರೂ ಶಿಳ್ಳೆ ಹೊಡೆದರು.

ಮೇಡಂ ಜನರ ಕಡೆ ನೋಡಿದರು. ಜನಕ್ಕೆ ಇದೇ ಬೇಕು ಎಂದು ಅವರಿಗೆ ತಿಳಿಯಿತು. ಅದನ್ನೇ ಹಾಡಿದರು.

ನನ್ನ ಹೆಡ್‌ಫೋನಿನಲ್ಲಿ ವಿಲ್ಲಿ ಸರ್ ದನಿ: “ಮಂಜುಳಾ, ಕೇಳ್ತಾ ಉಂಟಾ? ಅವಳ ಎದುರಿನ ಸ್ಪೀಕರಿಗೆ ನನ್ನ ಮಾತು ಬಿಡು.”

ವೇದಿಕೆಯ ನೆಲದ ಮೇಲೆ ಮೇಡಂ ಕಡೆಗೆ ಮುಖ ಮಾಡಿದ ಒಂದು ಮಾನಿಟರ್ ಸ್ಪೀಕರ್ ಇತ್ತು. ಅದಕ್ಕೆ ಬಿಟ್ಟರೆ ಮುಂದೆ ಕೂತವರಿಗೂ ಕೇಳಬಹುದು. ಬಿಡದಿದ್ದರೆ ಹಾಡಿಗೆ ಕೊನೆಯಿಲ್ಲ. ನಾನು ಉತ್ತರ ಕೊಡುವಂತಿರಲಿಲ್ಲ, ನನ್ನ ಕಡೆಯಿಂದ ಅವರಿಗೆ ಮಾತು ಹೋಗುವ ವ್ಯವಸ್ಥೆ ಮಾಡಿರಲಿಲ್ಲ. ಆದಷ್ಟು ಸಣ್ಣದಾಗಿ ಬಿಟ್ಟೆ. ಎರಡನೆಯ ಸಾಲಿನ ಪದಗಳು ಅವರ ಕಾಲ ಬಳಿಯಿಂದ ಎದ್ದವು.

ಮೇಡಂ ಬಗ್ಗಿ ಸ್ಪೀಕರ್ ನೋಡಿದರು, ಆಮೇಲೆ ಪಿಯಾನೋದ ಕಡೆ. ಮೈಕಿನಲ್ಲೇ, ಇಂಗ್ಲಿಷಿನಲ್ಲಿ ಕೇಳಿದರು: “ಯಾರು ಈ ಮನುಷ್ಯ? ಎಷ್ಟು ಮಾತಾಡುತ್ತಾನೆ!”

ಇಡೀ ಸಭೆ ನಗೆಯಲ್ಲಿ ಮುಳುಗಿತು. ಇಷ್ಟು ವರ್ಷ ಜೊತೆಗಿದ್ದ ಗಂಡ ಹೆಂಡತಿಯ ತಮಾಷೆ ಎಂದುಕೊಂಡರು. ಯಾರೋ “ಡೊರೀನ್, ವಿ ಲವ್ ಯೂ” ಎಂದು ಕೂಗಿದರು. ವಿಲ್ಲಿ ಸರ್ ಮುಖ ನನಗೆ ಅಷ್ಟು ದೂರದಿಂದ ಕಾಣಲಿಲ್ಲ. ಅವರ ಕೈಗಳು ತಾಳ ತಪ್ಪಲಿಲ್ಲ ಎಂಬುದು ಮಾತ್ರ ಕೇಳುತ್ತಿತ್ತು. ಒಂದು ಸುತ್ತು ಪೂರ್ತಿ ನುಡಿಸಿದರು. ಆಮೇಲೆ ನನ್ನ ಕಿವಿಗೆ ಮಾತ್ರ ಬಂತು: “ಏನಾದ್ರೂ ಮಾಡು ಮಾರಾಯ್ತಿ.”

ಏನು ಮಾಡಲಿ? ಸಭಾಂಗಣದ ಎಲ್ಲ ಫೇಡರ್‌ಗಳೂ ನನ್ನ ಬೆರಳ ಕೆಳಗಿದ್ದವು. ಮೇಡಂ ಮೈಕ್ ಮುಚ್ಚಿದರೆ ಜನ “ಮೈಕ್, ಮೈಕ್” ಎಂದು ಹಿಂತಿರುಗಿ ನನ್ನನ್ನು ನೋಡುತ್ತಿದ್ದರು, ಮೇಡಂ ಎಲ್ಲರೆದುರು ದನಿಯಿಲ್ಲದೆ ನಿಲ್ಲುತ್ತಿದ್ದರು. ಪಿಯಾನೋ ಏರಿಸಿದರೆ ಅವರು ಅದರ ಮೇಲೂ ಏರಿ ಹಾಡುತ್ತಿದ್ದರು. ನಾಲ್ಕು ವರ್ಷ ಓದಿ ಕಲಿತದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ. ಸದ್ದಿನಲ್ಲಿ ದೋಷವಿದ್ದರೆ ತೆಗೆಯಬಲ್ಲೆ. ಸದ್ದು ಚೊಕ್ಕವಾಗಿತ್ತು.

ಕೊನೆಗೆ ಜನರೇ ಮುಗಿಸಿದರು. ಹಾಡಿನ ನಡುವೆಯೇ ಮುಂದೆ ಕೂತವರು ಎದ್ದು ನಿಂತರು, ಹಿಂದೆಯೇ ಇಡೀ ಸಭೆ. ಡ್ರಮ್ಮರ್ ಅದನ್ನೇ ಹಿಡಿದು ದೊಡ್ಡದಾಗಿ ಬಾರಿಸಿ ನಿಲ್ಲಿಸಿದ. ವಿಲ್ಲಿ ಸರ್ ಪಿಯಾನೋ ಬಿಟ್ಟು ಬಂದು ಹೆಂಡತಿಯ ಕೈ ಹಿಡಿದರು. ಚಪ್ಪಾಳೆಯ ಅಡಿಯಲ್ಲಿ ನಾನು ಮೇಡಂ ಫೇಡರ್ ಇಳಿಸಿದೆ. ನನ್ನಿಂದಾದದ್ದು ಅಷ್ಟೇ. ಆದರೆ ಹೆಡ್‌ಫೋನಿಗೆ ಬರುವ ಸದ್ದು ಫೇಡರ್‌ಗಿಂತ ಮೊದಲೇ ಕವಲೊಡೆದು ಬರುತ್ತದೆ. ಸಭೆಗೆ ಮುಚ್ಚಿದರೂ ನನಗೆ ಮುಚ್ಚುವುದಿಲ್ಲ. ಬಾಗಿ ನಮಸ್ಕರಿಸುವಾಗಲೂ ಮೇಡಂ ಆ ಸಾಲನ್ನು ಹಾಡುತ್ತಲೇ ಇದ್ದರು.

ಸಾಹೇಬರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. “ಸಾರಿ ಉಮ್ರ್ ಯೇ ಗಾನಾ ಸುನಾ, ಬೇಟಾ. ಸಮಝಾ ಆಜ್” ಎಂದರು. ಜೀವಮಾನವಿಡೀ ಕೇಳಿದ್ದೆ, ಅರ್ಥವಾದದ್ದು ಇವತ್ತು ಎಂದು. ಅವರ ಹೆಂಡತಿ ಚಪ್ಪಾಳೆ ತಟ್ಟಿರಲಿಲ್ಲ. ಸಾಹೇಬರು ಹೊರಟ ಮೇಲೆ ಶಾಲು ಹೊದ್ದುಕೊಳ್ಳುತ್ತ ನನ್ನ ಹತ್ತಿರ ಬಗ್ಗಿ, ಸಣ್ಣ ದನಿಯಲ್ಲಿ ಕೇಳಿದರು: “ಘರ್ ಮೇಂ ಕೋಯಿ ಹೈ ನಾ, ಇನ್ಹೇಂ ದೇಖ್ನೇವಾಲಾ?”

ಅವರನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇದ್ದಾರಲ್ಲವೇ ಎಂದು ಕೇಳುತ್ತಿದ್ದರು. ಇದ್ದಾರೆ ಎಂದು ತಲೆಯಾಡಿಸಿದೆ.

ಇನ್-ಇಯರ್ ವಾಪಸು ತರಲು ಗ್ರೀನ್ ರೂಮಿಗೆ ಹೋದೆ. ಮೇಡಂ ಕನ್ನಡಿಯೆದುರು ಕೂತು ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಇಂಗ್ಲಿಷಿನಲ್ಲಿ, “ಬೇಗ ಕರೀರಿ ಅಂತ ಹೇಳಮ್ಮ, ಆ ಹಾಡು ಇನ್ನೂ ಹಾಡಿಲ್ಲ. ಜನ ಕಾಯುತ್ತಿದ್ದಾರೆ” ಎಂದರು.

ನಾನು ವಿಲ್ಲಿ ಸರ್ ಮುಖ ನೋಡಿದೆ. ಅವರು ಹೆಂಡತಿಯ ಕೋಟು ಹಿಡಿದು ನಿಂತಿದ್ದರು. ಹೊರಗೆ ಕಾರಿಡಾರಿನಲ್ಲಿ ಯಾರೋ ಅದೇ ಸಾಲನ್ನು ಗುನುಗುತ್ತ ಹೋದರು.

“ಹೊರಗಿನವರು ಏನಂತಾರೆ?” ಎಂದು ವಿಲ್ಲಿ ಸರ್ ಕನ್ನಡದಲ್ಲಿ ಕೇಳಿದರು.

“ಇಷ್ಟು ಚೆನ್ನಾಗಿ ಎಂದೂ ಹಾಡಿರಲಿಲ್ಲ ಅಂತಿದಾರೆ ಸರ್.”

“ಹೌದು. ಸುಳ್ಳಲ್ಲ ಅದು. ನಾನೂ ಕೇಳಿದೆನಲ್ಲ.” ಕೋಟನ್ನು ಹೆಂಡತಿಯ ಭುಜಕ್ಕೆ ಹೊದಿಸುತ್ತ, “ಪಾಪ ಅಂತ ಯಾರೂ ಅನ್ನಲಿಲ್ಲ. ಅವಳು ಕೇಳಿದ್ದು ಅದೇ” ಎಂದರು.

ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋದೆವು. “ಸ್ಟೇಜ್ ಯಾವ ಕಡೆ, ವಿಲ್ಲಿ?” ಎಂದು ಮೇಡಂ ಕೇಳುತ್ತಿದ್ದರು. “ಈ ಕಡೆ” ಎಂದು ಅವರು ಕಾರಿನ ಬಾಗಿಲು ತೆರೆದರು. ಮೇಡಂ ಒಳಗೆ ಕೂತು, ಕೂದಲು ಸರಿಮಾಡಿಕೊಂಡು, ಯಾರಾದರೂ ಕರೆಯುತ್ತಾರೆಂದು ಕಾಯುವವರ ಹಾಗೆ ಎದುರಿನ ಗಾಜಿನಲ್ಲಿ ನೋಡುತ್ತಿದ್ದರು. ಆ ಹಾಡಿನ ವಿಡಿಯೋ ಇವತ್ತಿಗೂ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಎರಡು ಸಲ ನನಗೇ ಬಂದಿದೆ, ಕೇಳಲೇಬೇಕಾದದ್ದು ಎಂಬ ಮಾತಿನೊಂದಿಗೆ.

ಈಗ ನಾನು ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುತ್ತೇನೆ. ಕನ್ಸೋಲ್ ಹಿಂದೆ ಕೂತರೆ ಎಲ್ಲವೂ ನಮ್ಮ ಕೈಯಲ್ಲಿದೆ ಎನ್ನಿಸುತ್ತದೆ. ಸದ್ದನ್ನು ಜನರ ಕಿವಿಯವರೆಗೆ ಒಯ್ಯುವುದಷ್ಟೇ ನಮ್ಮ ಕೈಯಲ್ಲಿರುವುದು, ಆಚೆಗೆ ಅವರು ಏನು ಕೇಳಿಸಿಕೊಳ್ಳುತ್ತಾರೆ ಎಂಬುದಕ್ಕೆ ಫೇಡರ್ ಇಲ್ಲ. ಅದಕ್ಕೇ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ಜನರನ್ನು ನೋಡಿ ಹಿಗ್ಗಬೇಡಿ, ವೇದಿಕೆಯ ಮೇಲಿರುವವರ ಮುಖ ನೋಡಿ ಎನ್ನುತ್ತೇನೆ. ಮೊನ್ನೆ ಒಬ್ಬಳು, “ನೋಡಿ ಏನು ಮಾಡಬೇಕು ಮೇಡಂ?” ಎಂದು ಕೇಳಿದಳು. ಏನೂ ಮಾಡಲಾಗದೆ ಹೋಗಬಹುದು, ಆದರೂ ನೋಡಬೇಕು ಎಂದೆ.